ಹೆಲ್ಪರ್ ಹುಡುಗನ ವಯಸ್ಸು ಮತ್ತು ಕಾನೂನಿನ ಪಟ್ಟಿ

ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯ ಅಂದರೆ ಲೇತ್ ಶಾಪು, ಗ್ಯಾರೇಜು, ಸಣ್ಣ ಶೆಡ್ಡುಗಳು. ಇಂಥ ಕಡೆ ದುಡಿಯುವ ‘ಹೆಲ್ಪರ್ ಹುಡುಗ’ನ ವಯಸ್ಸಿಗಿಂತ ಮೊದಲು, ಅವನು ಮಾಡುವ ಕೆಲಸ ಯಾವುದೆಂದು ಕಾನೂನು ಬಹಳ ಕಾಲ ಕೇಳುತ್ತಿತ್ತು.

1938ರ ಕಾಯ್ದೆ ಬೀಡಿ, ಬೆಂಕಿಪೊಟ್ಟಣ, ನೇಯ್ಗೆಯಂಥ ಕೆಲವನ್ನು ಪಟ್ಟಿ ಮಾಡಿ ನಿಷೇಧಿಸಿತು. 1985ರಲ್ಲಿ ಬೆಂಗಳೂರಿನ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ದುಡಿಯುವ ಮಕ್ಕಳಿಗಾಗಿ ಮಸೂದೆಯ ಕರಡು ಬರೆಯಿತು. ಮರುವರ್ಷ ಬಂದ ಬಾಲಕಾರ್ಮಿಕ ಕಾಯ್ದೆ ಪಟ್ಟಿಯನ್ನು ಬಿಡಲಿಲ್ಲ. ಪಟ್ಟಿಯಲ್ಲಿಲ್ಲದ ಕೆಲಸವಾದರೆ ಗಂಟೆ, ರಜೆಯ ನಿಯಮ ಪಾಲಿಸಿದರೆ ಸಾಕಿತ್ತು. ಮನೆಯವರೇ ನಡೆಸುವ ವರ್ಕ್‌ಶಾಪಿಗೆ ವಿನಾಯಿತಿ. ಗ್ಯಾರೇಜಿನ ವೆಲ್ಡಿಂಗ್, ಲೇತ್, ಅಗರಬತ್ತಿ ಕೆಲಸ ಪಟ್ಟಿಗೆ ಸೇರಿದ್ದೇ ಆಮೇಲೆ.

2016ರ ತಿದ್ದುಪಡಿ 14 ತುಂಬದವರನ್ನು ಎಲ್ಲ ಕೆಲಸದಿಂದ, 18 ತುಂಬದವರನ್ನು ಅಪಾಯದ ಕೆಲಸದಿಂದ ದೂರವಿಟ್ಟಿತು. ತಪ್ಪಿದ ಮಾಲೀಕನಿಗೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ.

ಆದರೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಮನೆ ಉದ್ಯಮಕ್ಕೆ ನೆರವಾಗಬಹುದು. ಸೋದರಮಾವ, ಚಿಕ್ಕಪ್ಪ, ಸೋದರತ್ತೆಯೂ ಆ ‘ಮನೆ’ಯವರೇ. ಹಾಗಾಗಿ ‘ನಮ್ಮಕ್ಕನ ಮಗ ಸಾರ್’ ಎಂಬ ಉತ್ತರಕ್ಕೆ ಕಾನೂನಿನಲ್ಲೇ ಜಾಗ ಉಳಿದಿದೆ. ಶಾಲೆಯ ಹೊತ್ತಲ್ಲಿ ಮಗು ಶೆಡ್ಡಿನಲ್ಲಿ ಕಂಡರೆ ಮಾತ್ರ ಆ ಉತ್ತರ ನಡೆಯದು. 1098ಕ್ಕೆ ಕರೆ ಮಾಡಿ.