ದೀಪದ ಎಣ್ಣೆ, ಮಾವನ ಜೀಪು

ಮೊನ್ನೆ ಮಾವನ ಹಳೇ ಡೀಸೆಲ್ ಜೀಪಿನಲ್ಲಿ ಮುತ್ತತ್ತಿಗೆ ಹೋಗಿದ್ದೆ. ಆ ಜೀಪೇ ಅವರ ಅನ್ನ. ಆಂಜನೇಯನ ಗುಡಿ ಹತ್ತಿರ ನಿಲ್ಲಿಸಿ, ಹೊಂಗೆ ಎಣ್ಣೆ ಕ್ಯಾನ್ ತೆಗೆದು, "ದೀಪಕ್ಕಾಗೋದು ಜೀಪಿಗೆ ಆಗಾಕಿಲ್ವೇನ್ಲಾ?" ಅಂದರು. "ಬ್ಯಾಡ ಮಾವ" ಅಂತ ಕೈ ಹಿಡಿದೆ.

ಮಾವನ ಮಾತಿಗೆ ಇತಿಹಾಸದ ಬೆಂಬಲ ಇದೆ ನೋಡಿ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಇಂಜಿನ್ನೊಂದು ಕಡಲೆಕಾಯಿ ಎಣ್ಣೆಯಲ್ಲೇ ಓಡಿತ್ತು. ನಮ್ಮಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ನೀರೆತ್ತಿಸಿದ್ದರು.

ಹಾಗಾದ್ರೆ ತಡೆದಿದ್ದೇಕೆ? ಹೊಂಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಒಂದೇ ವೇಗದಲ್ಲಿ ಓಡೋ ಜನರೇಟರ್ ಹೇಗೋ ತಾಳಿಕೊಳ್ಳುತ್ತೆ, ಜೀಪಿನ ಇಂಜೆಕ್ಟರ್‌ಗೆ ಮಾತ್ರ ಮಸಿ ಕಟ್ಟುತ್ತೆ. ಇದಕ್ಕೆ 1937ರಲ್ಲಿ ಬೆಲ್ಜಿಯಂನ ಶಾವಾನ್ ಪೇಟೆಂಟ್ ಮಾಡಿದ ದಾರಿಯೇ ಮದ್ದು: ಎಣ್ಣೆಗೆ ಆಲ್ಕೋಹಾಲ್ ಸೇರಿಸಿ ರಾಸಾಯನಿಕ ಕ್ರಿಯೆಯಿಂದ ಗ್ಲಿಸರಿನ್ ಬೇರ್ಪಡಿಸೋದು. ಉಳಿಯೋ ತೆಳು ಇಂಧನವೇ ಬಯೋಡೀಸೆಲ್. 2002ರ ಡಿಸೆಂಬರ್ 31ರಂದು ದೆಹಲಿ-ಅಮೃತಸರ ಶತಾಬ್ದಿ ರೈಲು ಓಡಿದ್ದು ಶೇ. 5ರಷ್ಟು ಬಯೋಡೀಸೆಲ್ ಬೆರೆಸಿದ ಡೀಸೆಲ್‌ನಲ್ಲಿ.

ಅದನ್ನೂ ಸುಮ್ಮನೆ ಸುರಿಯೋ ಹಾಗಿಲ್ಲ. ವಾಹನದ ಕೈಪಿಡಿ ಒಪ್ಪಿದಷ್ಟೇ ಬೆರೆಸಬೇಕು. ಟ್ಯಾಂಕಿನ ಹಳೇ ಗಸಿಯನ್ನೆಲ್ಲ ಅದು ಎಬ್ಬಿಸಿ ತರುತ್ತೆ, ಹಾಗಾಗಿ ಶುರುವಿನಲ್ಲೇ ಫಿಲ್ಟರ್ ಬದಲಾಯಿಸಬೇಕು. ಹಳೇ ರಬ್ಬರ್ ಪೈಪು ಉಬ್ಬಿ ಸೋರಬಹುದು. ನೀರು ಸೇರಿದರೂ, ತಿಂಗಳುಗಟ್ಟಲೆ ಇಟ್ಟರೂ ಕೆಡುತ್ತೆ.

ಮಾವ ಎಲ್ಲ ಕೇಳಿ ಕ್ಯಾನನ್ನು ಗುಡಿಯ ದೀಪಕ್ಕೇ ಕೊಟ್ಟರು. "ನೀನು ಇಂಜಿನಿಯರಿಂಗ್ ಓದಿದ್ದಕ್ಕೆ ಇವತ್ತು ಒಂದು ಜೀಪು ಉಳೀತು ಕಣ್ಲಾ" ಅಂದರು. ಸಾಫ್ಟ್‌ವೇರ್ ಕೆಲಸದಲ್ಲಿ ಇಂಥ ಮೆಚ್ಚುಗೆ ಸಿಗೋದು ಅಪರೂಪ ಬಿಡಿ!