ಹೆನ್ರಿ ಜೇಮ್ಸ್ ಮತ್ತು ಗ್ಯಾಲರಿಯ ಕೂಗು

ಹೆನ್ರಿ ಜೇಮ್ಸ್‌ನ ಉದ್ದುದ್ದ ವಾಕ್ಯಗಳು ಪ್ರೌಢಶಾಲೆಯ ಮಕ್ಕಳಿಗೆ ಹೇಳಿದ್ದಲ್ಲ. ಆದ್ದರಿಂದ ತರಗತಿಯಲ್ಲಿ ಈತನ ಪ್ರಸ್ತಾಪವನ್ನು ನಾನು ಮಾಡಿದವನಲ್ಲ. ಈಗ ನೀವೆಲ್ಲ ದೊಡ್ಡವರಾಗಿದ್ದೀರಿ. ಈತನ ಬಾಳಿನ ಐದು ವರ್ಷಗಳ ಕಥೆಯನ್ನು ಹೇಳಬಹುದು.

1843ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಜೇಮ್ಸ್ 1876ರ ಕೊನೆಯಲ್ಲಿ ಲಂಡನ್ನಿಗೆ ಬಂದು ನೆಲೆಸಿದ. 'ಡೈಸಿ ಮಿಲ್ಲರ್', 'ದಿ ಪೋರ್ಟ್ರೇಟ್ ಆಫ್ ಎ ಲೇಡಿ' ಕೃತಿಗಳು ಆತನಿಗೆ ಕೀರ್ತಿ ತಂದವು. ಆದರೆ 1886ರ ಎರಡು ದೊಡ್ಡ ಕಾದಂಬರಿಗಳು ಸರಿಯಾಗಿ ಮಾರಾಟವಾಗಲಿಲ್ಲ. ಐವತ್ತರ ಹತ್ತಿರ ಬಂದಿದ್ದ ಆತ ಹಣಕ್ಕಾಗಿ ರಂಗಭೂಮಿಯ ಕಡೆ ತಿರುಗಿದ. ಹಣವೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ಕಾದಂಬರಿಕಾರನಿಗೆ ತನ್ನ ಓದುಗನ ಮುಖ ಕಾಣುವುದಿಲ್ಲ. ನಾಟಕಕಾರನಿಗೆ ಚಪ್ಪಾಳೆ ಕಿವಿಗೇ ಬೀಳುತ್ತದೆ. ಜೇಮ್ಸ್‌ಗೆ ಆ ಚಪ್ಪಾಳೆಯ ಹಸಿವಿತ್ತು.

ಎಡ್ವರ್ಡ್ ಕಾಂಪ್ಟನ್ ಎಂಬ ನಟನ ಕಂಪನಿಗಾಗಿ ತನ್ನದೇ ಕಾದಂಬರಿ 'ದಿ ಅಮೆರಿಕನ್' ಅನ್ನು ನಾಟಕವಾಗಿಸಿದ. ಕಾದಂಬರಿಯಲ್ಲಿ ನಾಯಕಿ ಕನ್ಯಾಮಠ ಸೇರುತ್ತಾಳೆ; ನಾಟಕದಲ್ಲಿ ಪ್ರೇಕ್ಷಕರ ಸಂತೋಷಕ್ಕಾಗಿ ನಾಯಕನ ಕೈಹಿಡಿಯುತ್ತಾಳೆ. 1891ರ ಜನವರಿ 3ರಂದು ಸೌತ್‌ಪೋರ್ಟ್ ಎಂಬ ಕಡಲತೀರದ ಊರಿನಲ್ಲಿ ಅದು ಗೆದ್ದಿತು. ಅದೇ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಬಂದಾಗ ಸುಮಾರು ಎಪ್ಪತ್ತು ಪ್ರದರ್ಶನಗಳಿಗೆ ನಿಂತಿತು. ಮುಂದೆ ಬರೆದ ಹಲವು ಹಾಸ್ಯನಾಟಕಗಳು ರಂಗವನ್ನೇ ಕಾಣದೆ, ಪುಸ್ತಕವಾಗಿ ಅಚ್ಚಾದವು.

ಕೊನೆಯ ಆಸೆ 'ಗೈ ಡಾಮ್‌ವಿಲ್'. ಪಾದ್ರಿಯಾಗಲು ಹೊರಟ ಯುವಕನೊಬ್ಬನಿಗೆ, ಅವನೇ ವಂಶದ ಕೊನೆಯ ಕುಡಿಯಾದ್ದರಿಂದ ಮದುವೆಯಾಗಬೇಕೆಂಬ ಒತ್ತಾಯ ಬರುತ್ತದೆ. ಕಡೆಗೆ ಅವನು ಎಲ್ಲವನ್ನೂ ತೊರೆದು ಮಠಕ್ಕೇ ಮರಳುತ್ತಾನೆ. ಈ ಸಲ ಜೇಮ್ಸ್ ಪ್ರೇಕ್ಷಕರಿಗಾಗಿ ಮುಕ್ತಾಯವನ್ನು ಸಿಹಿ ಮಾಡಲಿಲ್ಲ ಎಂಬುದನ್ನು ಗಮನಿಸಿ.

1895ರ ಜನವರಿ 5, ಲಂಡನ್ನಿನ ಸೇಂಟ್ ಜೇಮ್ಸ್ ಥಿಯೇಟರ್. ತನ್ನ ನಾಟಕವನ್ನು ನೋಡುವ ಧೈರ್ಯವಿಲ್ಲದೆ ಲೇಖಕ ಹತ್ತಿರದ ಹೇಮಾರ್ಕೆಟ್ ಥಿಯೇಟರಿನಲ್ಲಿ ಆಸ್ಕರ್ ವೈಲ್ಡ್‌ನ 'ಆನ್ ಐಡಿಯಲ್ ಹಸ್ಬೆಂಡ್' ನೋಡುತ್ತ ಕುಳಿತ. ಆತನಿಗದು ತೀರ ಟೊಳ್ಳಾಗಿ ಕಂಡಿತು. ಪ್ರೇಕ್ಷಕರಾದರೋ ನಗುತ್ತಲೇ ಇದ್ದರು. ಇಂಥದನ್ನು ಮೆಚ್ಚುವ ಜನ ನನ್ನದನ್ನು ಹೇಗೆ ಮೆಚ್ಚಿಯಾರು ಎಂಬ ಅಳುಕಿನಲ್ಲೇ ನಡೆದು ಬಂದ.

ಇತ್ತ ಮೊದಲ ಅಂಕವೇನೋ ಚೆನ್ನಾಗಿಯೇ ನಡೆದಿತ್ತು. ಎರಡನೆಯದರಲ್ಲಿ ನಟಿಯೊಬ್ಬಳ ಎತ್ತರದ ಟೋಪಿಯನ್ನು ಕಂಡು ಗ್ಯಾಲರಿಯವರು ನಗಲಾರಂಭಿಸಿದರು. ತಾನು ಡಾಮ್‌ವಿಲ್ ವಂಶದ ಕೊನೆಯವನೆಂದು ನಾಯಕ ಗಂಭೀರವಾಗಿ ನುಡಿದಾಗ, ಅದೇ ಒಳ್ಳೆಯದಾಯಿತೆಂದು ಮೇಲಿನಿಂದ ಯಾರೋ ಕೂಗಿದರಂತೆ. ಹಿಂದಿನ ಬೆಂಚಿನಿಂದ ಇಂಥ ಮಾತು ತೇಲಿಬಂದ ಮೇಲೆ ಪಾಠವನ್ನು ಮತ್ತೆ ಹಿಡಿತಕ್ಕೆ ತರುವುದು ಎಷ್ಟು ಕಷ್ಟವೆಂಬುದು ಮೇಷ್ಟರುಗಳಿಗೆ ಗೊತ್ತು!

ಇದೊಂದೂ ಅರಿಯದೆ ಜೇಮ್ಸ್ ಪರದೆಯ ಹಿಂದೆ ಬಂದು ನಿಂತ. ನಾಯಕನಟನೂ ಥಿಯೇಟರಿನ ವ್ಯವಸ್ಥಾಪಕನೂ ಆಗಿದ್ದ ಜಾರ್ಜ್ ಅಲೆಕ್ಸಾಂಡರ್ ಆತನನ್ನು ಕೈಹಿಡಿದು ರಂಗದ ಮೇಲೆ ಕರೆತಂದ. ಕೆಳಗೆ ಕುಳಿತಿದ್ದ ಗಣ್ಯರು ಚಪ್ಪಾಳೆ ತಟ್ಟಿದರು. ಮೇಲಿನವರು ಕೂಗಿ ಹೀಗಳೆದರು. ಎರಡೂ ಗದ್ದಲಗಳು ಪೈಪೋಟಿಗೆ ಬಿದ್ದವು. ನಡುವೆ ಬಿಳಿಚಿಕೊಂಡು ನಿಂತವನು ಐವತ್ತೊಂದು ವರ್ಷದ ಒಬ್ಬ ಸಂಕೋಚದ ಮನುಷ್ಯ. ಅವನನ್ನು ಅಲ್ಲಿಗೆ ಕರೆತರಬಾರದಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಅಂದು ವಿಮರ್ಶಕರಾಗಿ ಬಂದಿದ್ದವರಲ್ಲಿ ಬರ್ನಾರ್ಡ್ ಶಾ, ಎಚ್. ಜಿ. ವೆಲ್ಸ್ ಇಬ್ಬರೂ ಇದ್ದರು. ಶಾ ನಾಟಕದ ಪರವಾಗಿಯೇ ಬರೆದ. ಆದರೂ ಅದು ನಡೆದದ್ದು ಒಂದು ತಿಂಗಳಷ್ಟೆ. ಫೆಬ್ರವರಿ 14ರಂದು ಅದೇ ರಂಗದ ಮೇಲೆ ಬಂದದ್ದು ವೈಲ್ಡ್‌ನ 'ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್'.

ಜೇಮ್ಸ್‌ನ ಸೋಲಿಗೆ ಗ್ಯಾಲರಿಯೊಂದನ್ನೇ ದೂರಲಾರೆ. ಒಂದು ಮೌನವನ್ನು ವಿವರಿಸಲು ಪುಟಗಟ್ಟಲೆ ಬರೆಯಬಲ್ಲ ಲೇಖಕ, ರಂಗದ ಮೇಲೆ ಆ ಮೌನ ತಾನಾಗಿ ಅರ್ಥವಾದೀತೆಂದು ನಂಬಿದ್ದ. ಆದರೆ ಅದೇ ಜನವರಿ 12ರಂದು, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಹೇಳಿದ ದೆವ್ವದ ಕಥೆಯೊಂದನ್ನು ಆತ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡ. ಅವಮಾನವಾಗಿ ಒಂದು ವಾರವಷ್ಟೇ ಕಳೆದಿತ್ತು! ಆ ಟಿಪ್ಪಣಿಯೇ 1898ರಲ್ಲಿ 'ದಿ ಟರ್ನ್ ಆಫ್ ದಿ ಸ್ಕ್ರೂ' ಆಯಿತು. ನಾಟಕದಿಂದ ಕಲಿತ ದೃಶ್ಯಕಟ್ಟಿನ ವಿಧಾನವನ್ನು ಕಾದಂಬರಿಗೆ ತಂದ. 1899ರ 'ದಿ ಆಕ್‌ವರ್ಡ್ ಏಜ್' ಬಹುಮಟ್ಟಿಗೆ ಸಂಭಾಷಣೆಯಲ್ಲೇ ಸಾಗುತ್ತದೆ.

ಆತನ 'ವಾಷಿಂಗ್ಟನ್ ಸ್ಕ್ವೇರ್' ಕಾದಂಬರಿಯನ್ನು ಬೇರೆಯವರು 'ದಿ ಏರೆಸ್' ಎಂಬ ನಾಟಕವಾಗಿಸಿದಾಗ ಅದು ನ್ಯೂಯಾರ್ಕಿನಲ್ಲಿ ತಿಂಗಳುಗಟ್ಟಲೆ ನಡೆಯಿತು. ಅದು 1947ರ ಮಾತು. ಜೇಮ್ಸ್ 1916ರಲ್ಲಿಯೇ ತೀರಿಕೊಂಡಿದ್ದ.