ಊರು ಅಗಲವಾದರೆ ಟ್ರಾಫಿಕ್ ಕಡಿಮೆಯಾಗುತ್ತದೆಯೇ? ಉತ್ತರ ಬೆಂಗಳೂರು ಹೇಳುವ ಪಾಠ

"ಬೆಂಗಳೂರಿನ ಎಲ್ಲ ಸಮಸ್ಯೆಗೂ ಜನಸಂದಣಿಯೇ ಕಾರಣ. ಊರನ್ನು ಹೊರಗೆ ಬೆಳೆಸಿ, ಎಲ್ಲ ಸರಿಹೋಗುತ್ತದೆ." ಈ ಅರ್ಥದ ಸಂದೇಶ ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೋ ಫ್ಯಾಮಿಲಿ ಗ್ರೂಪಿಗೋ ಬಂದೇ ಇರುತ್ತದೆ. ಜೊತೆಗೆ ದೇವನಹಳ್ಳಿ ಕಡೆಯ ಸೈಟುಗಳ ಜಾಹೀರಾತೂ ಇರಬಹುದು. ಹೆಬ್ಬಾಳ ಜಂಕ್ಷನ್‌ನಲ್ಲಿ ಅರ್ಧ ಗಂಟೆ ನಿಂತವರಿಗೆ ಈ ಮಾತು ನಿಜವೆನಿಸುವುದು ಸಹಜ. ಆದರೆ ಎಷ್ಟು ನಿಜ? ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಮೊದಲು, ಒತ್ತಾದ ನಗರ ಎಂದರೇನು?

ನಗರ ಯೋಜನೆಯಲ್ಲಿ "ಕಾಂಪ್ಯಾಕ್ಟ್ ಸಿಟಿ" ಎಂಬ ಮಾತಿದೆ. ಗಣಿತಜ್ಞರಾದ ಜಾರ್ಜ್ ಡ್ಯಾಂಟ್ಜಿಗ್ ಮತ್ತು ಥಾಮಸ್ ಸಾಟಿ 1973ರಲ್ಲಿ ಇದೇ ಹೆಸರಿನ ಪುಸ್ತಕ ಬರೆದರು. ಇದನ್ನು ನಾವು ಒತ್ತಾದ ನಗರ ಎನ್ನೋಣ. ಮನೆ, ಅಂಗಡಿ, ಶಾಲೆ, ಆಸ್ಪತ್ರೆ, ಕೆಲಸದ ಜಾಗ ಒಂದಕ್ಕೊಂದು ಹತ್ತಿರವಿರಬೇಕು, ದಿನದ ಬಹುಪಾಲು ಕೆಲಸ ನಡೆದುಕೊಂಡೋ ಬಸ್ಸು, ರೈಲಿನಲ್ಲೋ ಮುಗಿಯಬೇಕು, ಉಳಿದ ನೆಲ ಕೆರೆಗೆ, ಹೊಲಕ್ಕೆ, ಮರಕ್ಕೆ ಉಳಿಯಬೇಕು ಎಂಬುದು ಇದರ ತಿರುಳು.

ಇದು ನಮಗೆ ಹೊಸತೇನಲ್ಲ. ಯಲಹಂಕದ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಬೆಂಗಳೂರು ಪೇಟೆ ಹೀಗೆಯೇ ಇತ್ತು. ಅಕ್ಕಿಪೇಟೆ, ಬಳೇಪೇಟೆ ಎಂದು ವ್ಯಾಪಾರಕ್ಕೊಂದು ಬೀದಿ, ಅಂಗಡಿಯ ಹಿಂದೆಯೋ ಮೇಲೆಯೋ ಮನೆ, ಊರಿನ ಹೊರಗೆ ಕೆರೆ.

ನಂಬಿಕೆ 1: ಊರು ಹರಡಿದರೆ ಒತ್ತಡ ಇಳಿಯುತ್ತದೆ

ಹರಡುವ ಪ್ರಯೋಗವನ್ನು ಬೆಂಗಳೂರು ಈಗಾಗಲೇ ಮಾಡಿ ನೋಡಿದೆ. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ ಸೇರಿದಂತೆ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಆಯಿತು. ಪಾಲಿಕೆಯ ವಿಸ್ತೀರ್ಣ 226 ಚದರ ಕಿ.ಮೀ.ನಿಂದ 700 ಚದರ ಕಿ.ಮೀ. ದಾಟಿತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಬಂತು, ಬಳ್ಳಾರಿ ರಸ್ತೆಯ ಎರಡೂ ಬದಿ ಬಡಾವಣೆಗಳೆದ್ದವು. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು ಎನ್ನುತ್ತದೆ ಜನಗಣತಿ.

ಊರು ಮೂರು ಪಟ್ಟು ಅಗಲವಾಯಿತು. ಟ್ರಾಫಿಕ್ ಇಳಿಯಲಿಲ್ಲ. ಕಾರಣ ಸರಳ: ಮನೆ ದೂರ ಹೋಯಿತು, ಕೆಲಸ, ಕಾಲೇಜು, ದೊಡ್ಡಾಸ್ಪತ್ರೆ ಇದ್ದಲ್ಲೇ ಉಳಿದವು. ದೂರ ಹೋದ ಪ್ರತಿ ಮನೆಯೂ ದಿನಕ್ಕೆರಡು ಬಾರಿ ಹೆಬ್ಬಾಳ ದಾಟಬೇಕಾಯಿತು.

ಒಂದು ಚಿಕ್ಕ ಲೆಕ್ಕ ಮಾಡೋಣ. ಒಂದು ಎಕರೆ ಎಂದರೆ 43,560 ಚದರ ಅಡಿ. ಅರ್ಧ ಜಾಗ ರಸ್ತೆ, ಪಾರ್ಕು, ಶಾಲೆಗೆ ಹೋದರೆ 30/40 ಅಳತೆಯ ಸುಮಾರು 18 ಸೈಟು ಸಿಗುತ್ತವೆ. 10,000 ಕುಟುಂಬಗಳಿಗೆ ಒಂದೊಂದು ಸೈಟಿನಲ್ಲಿ ಒಂದೊಂದೇ ಮನೆ ಕೊಟ್ಟರೆ ಸುಮಾರು 555 ಎಕರೆ ಬೇಕು. ಅದೇ ಸೈಟಿನಲ್ಲಿ ಮೂರು ಮಹಡಿ, ಮಹಡಿಗೊಂದು ಸಂಸಾರ ಎಂದಾದರೆ 185 ಎಕರೆ ಸಾಕು. ಉಳಿದ 370 ಎಕರೆ ಎಷ್ಟು ದೊಡ್ಡದು ಗೊತ್ತೇ? ಜಕ್ಕೂರು ಕೆರೆಯ ವಿಸ್ತೀರ್ಣ ಸುಮಾರು 160 ಎಕರೆ. ಅಂಥ ಎರಡು ಕೆರೆ ಹಿಡಿಸುವಷ್ಟು ನೆಲ. ಪಾರ್ಕಿಗೆ, ಆಟದ ಮೈದಾನಕ್ಕೆ ಇನ್ನಷ್ಟು ಬಿಟ್ಟುಕೊಟ್ಟರೂ ಬೇಕಾದಷ್ಟು ಮಿಗುತ್ತದೆ. ನೀರಿನ ಪೈಪು, ಒಳಚರಂಡಿ, ಬಸ್ಸಿನ ಮಾರ್ಗದ ಉದ್ದವೂ ಕಡಿಮೆಯಾಗುತ್ತದೆ.

ನಂಬಿಕೆ 2: ಒತ್ತಾದ ನಗರ ಎಂದರೆ ಗಗನಚುಂಬಿ ಅಪಾರ್ಟ್‌ಮೆಂಟ್

ಇದು ತಪ್ಪು. ಮೇಲಿನ ಲೆಕ್ಕದಲ್ಲಿ ಇದ್ದದ್ದು ಮೂರೇ ಮಹಡಿ. ಆರ್.ಟಿ. ನಗರದ ಒಳರಸ್ತೆಗಳಲ್ಲಿ ಒಮ್ಮೆ ನಡೆದು ನೋಡಿ. ಕೆಳಗೆ ದಿನಸಿ ಅಂಗಡಿ, ದರ್ಜಿ, ಕ್ಲಿನಿಕ್ಕು. ಮೇಲೆ ಎರಡು ಮೂರು ಮನೆ. ಹಾಲು, ಹೂವು, ತರಕಾರಿ ಕೈಗೆಟಕುವ ದೂರದಲ್ಲಿ. ಇದು ಒತ್ತಾದ ನಗರವೇ.

ಇದಕ್ಕೆ ಹೋಲಿಸಿದರೆ, ಕಾಂಪೌಂಡಿನೊಳಗೆ ಇಪ್ಪತ್ತು ಮಹಡಿಯ ಗೋಪುರ ಇದ್ದೂ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಕಾರು ತೆಗೆಯಬೇಕೆಂದರೆ ಅದು ಎತ್ತರದ ಕಟ್ಟಡ ಮಾತ್ರ, ಒತ್ತಾದ ನಗರವಲ್ಲ. ನೋಡಬೇಕಾದದ್ದು ಮಹಡಿಗಳ ಸಂಖ್ಯೆಯನ್ನಲ್ಲ, ಹತ್ತು ನಿಮಿಷ ನಡೆದರೆ ಏನೇನು ಸಿಗುತ್ತದೆ ಎಂಬುದನ್ನು.

ನಂಬಿಕೆ 3: ಇನ್ನೊಂದು ಫ್ಲೈಓವರ್ ಕಟ್ಟಿದರೆ ಮುಗಿಯಿತು

ಹೆಬ್ಬಾಳ ಫ್ಲೈಓವರ್ 2003ರಲ್ಲಿ ಬಳಕೆಗೆ ಬಂತು. 2014ರ ಹೊತ್ತಿಗೆ ವಿಮಾನ ನಿಲ್ದಾಣದ ಕಡೆಗೆ ಎತ್ತರಿಸಿದ ಎಕ್ಸ್‌ಪ್ರೆಸ್‌ವೇ ಸೇರಿತು. ಆದರೂ ಅಲ್ಲಿ ಮತ್ತೆ ಹೊಸ ಲೂಪ್‌ಗಳ ಕೆಲಸ ಕೈಗೊಳ್ಳಬೇಕಾಯಿತು. ರಸ್ತೆ ಅಗಲವಾದಾಗ ಮೊದಲ ಕೆಲವು ತಿಂಗಳು ಆರಾಮ. ಆಮೇಲೆ "ಈಗ ಬೇಗ ಹೋಗಬಹುದಲ್ಲ" ಎಂದು ಇನ್ನಷ್ಟು ಜನ ವಾಹನ ತೆಗೆಯುತ್ತಾರೆ, ಇನ್ನಷ್ಟು ದೂರದಲ್ಲಿ ಮನೆ ಮಾಡುತ್ತಾರೆ, ರಸ್ತೆ ಮತ್ತೆ ತುಂಬುತ್ತದೆ. ಪ್ರಪಂಚದ ಅನೇಕ ನಗರಗಳಲ್ಲಿ ಹೀಗೆಯೇ ಆಗಿದೆ. ಹಾಗಂತ ಫ್ಲೈಓವರ್ ಬೇಡವೇ ಬೇಡ ಎಂದಲ್ಲ. ಅದೊಂದೇ ಸಾಲದು.

ಸಂಶೋಧಕರಾದ ಪೀಟರ್ ನ್ಯೂಮನ್ ಮತ್ತು ಜೆಫ್ರಿ ಕೆನ್‌ವರ್ದಿ 1989ರಲ್ಲಿ 32 ನಗರಗಳನ್ನು ಹೋಲಿಸಿದರು. ಜನ ಒತ್ತಾಗಿ ವಾಸಿಸುವ ನಗರಗಳಲ್ಲಿ ತಲಾ ಪೆಟ್ರೋಲ್ ಬಳಕೆ ಕಡಿಮೆ ಇರುವುದು ಕಂಡಿತು. ಆದಾಯ, ಪೆಟ್ರೋಲ್ ಬೆಲೆಯಂಥ ಬೇರೆ ಕಾರಣಗಳೂ ಇವೆ ಎಂದು ವಿಮರ್ಶಕರು ಹೇಳಿದ್ದಾರೆ, ಅದೂ ಸರಿಯೇ. ಒತ್ತಾಗಿ ಬದುಕುವುದರ ಜೊತೆಗೆ ಒಳ್ಳೆಯ ಬಸ್ಸು, ರೈಲು ಇದ್ದಾಗ ಮಾತ್ರ ಲಾಭ ಪೂರ್ತಿ ಸಿಗುತ್ತದೆ.

ಯಶವಂತಪುರ ಇದಕ್ಕೆ ಒಳ್ಳೆಯ ಉದಾಹರಣೆ. ದೊಡ್ಡ ರೈಲ್ವೆ ನಿಲ್ದಾಣ, ಎಪಿಎಂಸಿ ಯಾರ್ಡು, 2014ರಿಂದ ಮೆಟ್ರೊ ಎಲ್ಲವೂ ಅಲ್ಲಿವೆ. ಮುಂದೆ ಉಪನಗರ ರೈಲಿನ ಮಲ್ಲಿಗೆ ಮಾರ್ಗ ಚಿಕ್ಕಬಾಣಾವರದ ಕಡೆಯಿಂದ ಯಶವಂತಪುರ, ಹೆಬ್ಬಾಳದ ಮೂಲಕ ಸಾಗಲಿದೆ. ಒಟ್ಟು 148 ಕಿ.ಮೀ. ಉದ್ದದ ಈ ಉಪನಗರ ರೈಲು ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ನೀಲಿ ಮಾರ್ಗಕ್ಕೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಹೊಸ ಮನೆಗಳು ಇಂಥ ನಿಲ್ದಾಣಗಳಿಂದ ನಡೆಯುವ ದೂರದಲ್ಲಿ ಬಂದರೆ ಹೆಬ್ಬಾಳದ ಮೇಲಿನ ಭಾರ ತಾನಾಗಿ ಇಳಿಯುತ್ತದೆ.

ನಂಬಿಕೆ 4: ಒತ್ತಾಗಿ ಕಟ್ಟಿದರೆ ಹಸಿರು ಉಳಿಯುವುದಿಲ್ಲ

ಕಟ್ಟುವ ಜಾಗ ತಪ್ಪಿದರೆ ಖಂಡಿತ ಉಳಿಯುವುದಿಲ್ಲ. 2021ರ ನವೆಂಬರ್‌ನಲ್ಲಿ ಯಲಹಂಕ ಕೆರೆ ತುಂಬಿ ಹರಿದು ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ ಜಲಾವೃತವಾಯಿತು. ನಿವಾಸಿಗಳನ್ನು ದೋಣಿಯಲ್ಲಿ ಹೊರತರಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಅದೇ ಕಥೆ ಮರುಕಳಿಸಿತು. ಒಂದು ಎಕರೆ ಕಾಂಕ್ರೀಟ್ ನೆಲದ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 4 ಲಕ್ಷ ಲೀಟರ್ ನೀರು. ಮಣ್ಣಿದ್ದರೆ ಒಂದಿಷ್ಟನ್ನು ಅದು ಕುಡಿಯುತ್ತದೆ. ಮಣ್ಣಿಲ್ಲದಿದ್ದರೆ ಅಷ್ಟೂ ನೀರು ರಾಜಕಾಲುವೆಗೆ. ರಾಜಕಾಲುವೆ ಕಿರಿದಾಗಿದ್ದರೆ ನೆಲಮಾಳಿಗೆಯ ಪಾರ್ಕಿಂಗ್‌ಗೆ.

ಯಲಹಂಕದಿಂದ ಜಕ್ಕೂರು, ಜಕ್ಕೂರಿನಿಂದ ರಾಚೇನಹಳ್ಳಿ ಹೀಗೆ ಇಲ್ಲಿನ ಕೆರೆಗಳು ಸರಪಳಿಯಂತೆ ಇವೆ. ಒಂದು ಕೊಂಡಿ ಮುಚ್ಚಿದರೂ ನೀರು ಮನೆಗೆ ನುಗ್ಗುತ್ತದೆ. ಆದ್ದರಿಂದ ಒತ್ತಾದ ನಗರದ ಮೊದಲ ನಿಯಮ "ಎಲ್ಲಿ ಕಟ್ಟಬಾರದು" ಎಂಬುದು. ಕೆರೆಯಂಗಳ, ಕಾಲುವೆ, ತಗ್ಗು ಪ್ರದೇಶ ಬಿಟ್ಟು ಉಳಿದ ಕಡೆ ಒತ್ತಾಗಿ ಕಟ್ಟಬೇಕು. ಜಕ್ಕೂರು ಕೆರೆ ಒಳ್ಳೆಯ ಮಾದರಿ. ಅಲ್ಲಿ ಕೊಳಚೆ ನೀರನ್ನು ಘಟಕದಲ್ಲಿ ಶುದ್ಧೀಕರಿಸಿ, ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುತ್ತಾರೆ. ಬೇಸಿಗೆಯಲ್ಲೂ ಕೆರೆಯಲ್ಲಿ ನೀರಿರುತ್ತದೆ, ಹಕ್ಕಿಗಳು ಬರುತ್ತವೆ.

ನಂಬಿಕೆ 5: ನೀರಿಗೇನು, ಕಾವೇರಿ ಬರುತ್ತದಲ್ಲ

ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಏರಿ ಬರುತ್ತದೆ. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು ಭೌತಶಾಸ್ತ್ರದ ಲೆಕ್ಕದಲ್ಲೇ ಕನಿಷ್ಠ 1.36 ಯೂನಿಟ್ ವಿದ್ಯುತ್ ಬೇಕು. ಪಂಪಿನ ನಷ್ಟ ಸೇರಿದರೆ ಇನ್ನೂ ಹೆಚ್ಚು. 110 ಹಳ್ಳಿಗಳಿಗೆಂದು ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಅಂದರೆ 2007ರಲ್ಲಿ ಊರಿಗೆ ಸೇರಿದವರು 17 ವರ್ಷ ಕಾದರು. ಹರಡಿದ ಊರಿನ ಬೆಲೆ ಇದು.

ಮಳೆಯ ಲೆಕ್ಕವನ್ನೂ ನೋಡಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 900 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. 1,200 ಚದರ ಅಡಿಯ ತಾರಸಿಯ ಮೇಲೆ ಬೀಳುವುದು ಸುಮಾರು 1 ಲಕ್ಷ ಲೀಟರ್. ಅಷ್ಟನ್ನೂ ಹಿಡಿಯಲಾಗದು, ಅರ್ಧ ಹಿಡಿದರೂ ಎಷ್ಟೋ ಟ್ಯಾಂಕರ್ ಉಳಿಯುತ್ತದೆ.

ಒತ್ತಾದ ನಗರದಲ್ಲಿ ತೊಂದರೆಗಳೇ ಇಲ್ಲವೇ?

ಇವೆ. ಒಳಚರಂಡಿ ದೊಡ್ಡದು ಮಾಡದೆ ಮಹಡಿ ಮಾತ್ರ ಏರಿಸಿದರೆ ಕೊಳಚೆ ಬೀದಿಗೆ ಬರುತ್ತದೆ. ಮರವಿಲ್ಲದ ಒತ್ತು ಬೀದಿ ರಾತ್ರಿಯೂ ಕಾದಿರುತ್ತದೆ. ಮೆಟ್ರೊ ಬಂದ ಕಡೆ ಬಾಡಿಗೆ ಏರಿ, ಮನೆಗೆಲಸದವರು, ಹೂ ಮಾರುವವರು, ಆಟೊ ಓಡಿಸುವವರು ಊರ ಹೊರಗೆ ಹೋಗಬೇಕಾಗುತ್ತದೆ. ಬಸ್ಸು ಎಲ್ಲರಿಗಿಂತ ಹೆಚ್ಚು ಬೇಕಾದವರು ನಿಲ್ದಾಣದಿಂದ ದೂರವಾದರೆ ಯೋಜನೆ ಸೋತಂತೆಯೇ. ಆದ್ದರಿಂದ ಕಡಿಮೆ ಬಾಡಿಗೆಯ ಮನೆಗಳೂ ಅದೇ ಜಾಗದಲ್ಲಿ ಇರಬೇಕು.

ಸೈಟಿನ ಮೆಸೇಜು ಬಂದಾಗ ಕೇಳಬೇಕಾದ ನಾಲ್ಕು ಪ್ರಶ್ನೆಗಳು

1. ಬಸ್ಸು ಅಥವಾ ರೈಲು ನಿಲ್ದಾಣ ನಡೆಯುವ ದೂರದಲ್ಲಿ ಈಗಲೇ ಇದೆಯೇ, ಅಥವಾ "ಮುಂದೆ ಬರಲಿದೆ" ಎಂಬ ಮಾತಷ್ಟೆಯೇ?
2. ಕೊಳಾಯಿ ನೀರು, ಒಳಚರಂಡಿ ಸಂಪರ್ಕ ಬಂದಿದೆಯೇ, ಬೋರ್‌ವೆಲ್ಲನ್ನೇ ನಂಬಬೇಕೇ?
3. ಹಳೆಯ ಗ್ರಾಮನಕ್ಷೆಯಲ್ಲಿ ಆ ಜಾಗದಲ್ಲಿ ಕೆರೆ, ಕಾಲುವೆ, ಖರಾಬು ಇತ್ತೇ?
4. ಶಾಲೆ, ಅಂಗಡಿ, ಕ್ಲಿನಿಕ್ಕಿಗೆ ಮಕ್ಕಳೂ ಹಿರಿಯರೂ ನಡೆದು ಹೋಗಬಲ್ಲರೇ?

ನಮ್ಮ ತೀರ್ಮಾನ

"ಊರು ಹರಡಿದರೆ ಸಮಸ್ಯೆ ತೀರುತ್ತದೆ" ಎಂಬುದು ತಪ್ಪು. "ಎತ್ತರ ಕಟ್ಟಿದರೆ ತೀರುತ್ತದೆ" ಎಂಬುದೂ ಅರ್ಧ ಸತ್ಯವೇ. ಹತ್ತಿರದ ಅಂಗಡಿ, ನಡೆಯಬಹುದಾದ ಫುಟ್‌ಪಾತು, ನಂಬಬಹುದಾದ ಬಸ್ಸು, ಮುಟ್ಟದೆ ಬಿಟ್ಟ ಕೆರೆ ಇವು ಸೇರಿದಾಗ ಮಾತ್ರ ಹೆಚ್ಚು ಜನ ಕಡಿಮೆ ಜಾಗದಲ್ಲಿ ನೆಮ್ಮದಿಯಾಗಿ ಬದುಕಬಹುದು. ಮುಂದಿನ ಸಲ ಆ ಸಂದೇಶ ಬಂದಾಗ ಫಾರ್ವರ್ಡ್ ಮಾಡುವ ಮೊದಲು ನಿಮ್ಮ ಬೀದಿಯಲ್ಲೇ ಹತ್ತು ನಿಮಿಷ ನಡೆದು ಬನ್ನಿ. ಏನೇನು ಸಿಕ್ಕಿತು, ಏನೇನು ಸಿಗಲಿಲ್ಲ ಎಂದು ಬರೆದು, ಬೇಕಿದ್ದರೆ ಅದನ್ನೇ ಗ್ರೂಪಿಗೆ ಹಾಕಿ.